ಬಾಗಿಲ ಕೆಳಗಿನ ಮೂರು ತೂತು

“ಮುತ್ಯಾ, ಇಲ್ಲಿ ಮ್ಯಾಗ್ನೆಟ್ ಹತ್ತವಲ್ದು ನೋಡು!”

2024ರ ಮೇ ತಿಂಗಳ ಒಂದು ಬೆಳಿಗ್ಗೆ ಮೊಮ್ಮಗಳು ಅಂಗಳದಿಂದ ಕೂಗಿದಳು. ಅವಳು ಜೇವರ್ಗಿಯ ಹುಡುಗಿ. ಆರನೇ ಇಯತ್ತೆ ಮುಗಿಸಿ ಬೇಸಿಗೆ ರಜೆಗೆಂದು ಆಳಂದಕ್ಕೆ, ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲೊಂದು ಸಣ್ಣ ಅಯಸ್ಕಾಂತ. ಎರಡು ದಿನಗಳಿಂದ ಅದನ್ನು ಮನೆಯ ಎಲ್ಲ ವಸ್ತುಗಳಿಗೂ ಹಚ್ಚಿ ನೋಡುವುದೇ ಅವಳ ಕೆಲಸ. ತಿಜೋರಿಗೆ ಹತ್ತಿತು, ರೊಟ್ಟಿ ಹಂಚಿಗೆ ಹತ್ತಿತು, ತಾಮ್ರದ ಹಂಡೆಗೆ ಹತ್ತಲಿಲ್ಲ, ಅವಳ ಆಯಿಯ ಬಳೆಗೂ ಹತ್ತಲಿಲ್ಲ. ಆ ಬೆಳಿಗ್ಗೆ ಬೇವಿನ ಮರದ ಕೆಳಗೆ ನಿಂತಿದ್ದ ನಮ್ಮ ಹಳೆಯ ಅಂಬಾಸಿಡರ್ ಕಾರಿನ ಸರದಿ.

ನಾನು ಹೋಗಿ ನೋಡಿದೆ. ಮುಂದಿನ ಎಡಬಾಗಿಲಿನ ಮೇಲ್ಭಾಗಕ್ಕೆ ಟಕ್ಕನೆ ಅಂಟುವ ಅಯಸ್ಕಾಂತ ಕೆಳಗಿನ ಒಂದು ಗೇಣು ಜಾಗದಲ್ಲಿ ನಿಲ್ಲದೆ ಜಾರಿ ಬೀಳುತ್ತಿತ್ತು. ಬಣ್ಣ ಮಾತ್ರ ಮೇಲೆ ಕೆಳಗೆ ಒಂದೇ ಬಿಳಿ.

“ಇಲ್ಲಿ ಕಬ್ಬಿಣ ಇಲ್ಲೇನು ಮುತ್ಯಾ?”

ಏನು ಹೇಳಲಿ? ಅಲ್ಲಿ ಕಬ್ಬಿಣ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಅಲ್ಲಿದ್ದದ್ದು ಪುಟ್ಟಿ. ಅದನ್ನು ಮೆತ್ತಿ ಮೇಲೆ ಬಣ್ಣ ಹೊಡೆದವನೂ ನಾನೇ. ಮೇಲೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅದು ನಮ್ಮ ಅಂಗಳದಲ್ಲೇ ನಿಂತಿತ್ತು.

ಈ ಕಾರನ್ನು ನಮ್ಮಪ್ಪ 1991ರಲ್ಲಿ, ತೊಗರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ, ಆಗಿನ ಗುಲಬರ್ಗಾದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅಂಬಾಸಿಡರ್ ಅಂದರೆ ಏನೆಂದು ಈಗಿನ ಮಕ್ಕಳಿಗೆ ಅಜ್ಜ-ಅಜ್ಜಿಯರೇ ಹೇಳಬೇಕು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಗುಂಡುಗುಂಡನೆಯ ಕಾರು. ಮಂತ್ರಿಗಳೂ ಅದರಲ್ಲೇ ಓಡಾಡುತ್ತಿದ್ದರು, ಮದುವೆ ಮುಗಿಸಿ ಹತ್ತು ಮಂದಿ ಒತ್ತಿಕೊಂಡು ಊರಿಗೆ ಬರುತ್ತಿದ್ದದ್ದೂ ಅದರಲ್ಲೇ. ನಮ್ಮಪ್ಪ ಹುಣ್ಣಿಮೆಗೊಮ್ಮೆ ಅವ್ವನನ್ನು ಅದರಲ್ಲಿ ಕೂರಿಸಿಕೊಂಡು ದೇವಲ ಗಾಣಗಾಪುರಕ್ಕೆ ಹೋಗಿಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಕಾರು ಆಳಂದದಲ್ಲಿ ನನ್ನ ಬಳಿ ಉಳಿಯಿತು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ನಮ್ಮೂರಲ್ಲಿ ಹೊಲ ನೋಡಿಕೊಂಡು, ಅವ್ವನನ್ನು ನೋಡಿಕೊಂಡು ತಮ್ಮ ಇದ್ದ. ಅವ್ವನನ್ನು ದವಾಖಾನೆಗೆ ಕರೆದೊಯ್ಯಲು ಬೇಕಾಗುತ್ತದೆಂದು 2018ರಲ್ಲಿ ಕಾರನ್ನು ಅವನ ಕೈಗೆ ಕೊಟ್ಟೆ.

2020ರ ಅಕ್ಟೋಬರ್ ತಿಂಗಳ ನಡುವೆ ಭೀಮಾ ನದಿಗೆ ಬಂದ ಪ್ರವಾಹವನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಇಲ್ಲಿ ಎಡೆಬಿಡದ ಮಳೆ, ಮೇಲೆ ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ಹರಿದುಬಂದ ನೀರು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ಹೊಳೆ ನುಗ್ಗಿತು. ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದರು. ತಮ್ಮ ಮೊದಲು ಅವ್ವನನ್ನು ಹೆಗಲ ಮೇಲೆ ಹೊತ್ತು ದಾಟಿಸಿದ. ಆಮೇಲೆ ಎಮ್ಮೆ, ಕರು, ಕಾಳಿನ ಚೀಲ. ಕಾರಿನ ನೆನಪಾಗುವ ಹೊತ್ತಿಗೆ ನೀರು ಅದರ ಸೀಟಿನ ಮೇಲೆ ಬಂದಿತ್ತು. ಎರಡು ದಿನ ಅದು ನೀರಿನಲ್ಲೇ ನಿಂತಿತು.

ಹೊಳೆ ಇಳಿದ ಮೇಲೆ ನಾನು ಊರಿಗೆ ಹೋದೆ. ಕೆಸರು ಮೆತ್ತಿದ ಕಾರು ನೋಡಿದವನೇ ತಮ್ಮನಿಗೆ, “ಅಪ್ಪನ ನೆನಪಿಗಿ ಇದೊಂದೇ ಉಳಿದಿತ್ತು, ಅದನ್ನೂ ಮುಳುಗಿಸಿದಿ” ಅಂದುಬಿಟ್ಟೆ. ಅವನ ಮನೆಯ ಗೋಡೆ ಬಿದ್ದಿತ್ತು. ಅವ್ವ ಇನ್ನೂ ಕಾಳಜಿ ಕೇಂದ್ರದಲ್ಲಿದ್ದಳು. ಅವನು ಒಂದು ಮಾತೂ ಆಡದೆ ಒಳಗೆ ಹೋಗಿ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟ. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದೆ. ಎಂಜಿನ್ ಬಿಚ್ಚಿಸಿ ತೊಳೆಸಿ, ಎಣ್ಣೆ ಬದಲಿಸಿದ ಮೇಲೆ ಕಾರು ಓಡಿತು. ನಮ್ಮಿಬ್ಬರ ಮಾತು ಮಾತ್ರ ಮದುವೆ-ಮುಂಜಿಯಲ್ಲಿ “ಊಟ ಆಯ್ತೇನು?” “ಆಯ್ತು” ಅನ್ನುವಷ್ಟಕ್ಕೇ ನಿಂತಿತು.

ಆ ನಾಲ್ಕು ವರ್ಷಗಳಲ್ಲಿ ಮುಂದಿನ ಎರಡು ಬಾಗಿಲುಗಳ ಕೆಳ ಅಂಚು ಮೆಲ್ಲಗೆ ಉದುರತೊಡಗಿತು. ಬಣ್ಣ ಗುಳ್ಳೆಯೆದ್ದು, ಒಡೆದು, ಬೆರಳು ಹೋಗುವಷ್ಟು ತೂತು ಬಿತ್ತು. ಹೋದ ಬಾರಿ ಬಂದಾಗ ಮೊಮ್ಮಗಳ ಕಾಲಿಗೆ ಆ ಚೂಪು ಅಂಚು ತಾಗಿ ರಕ್ತ ಬಂದಿತ್ತು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಬಂದ ಮೇಲೆ ಮಗಳು ಕಟ್ಟುನಿಟ್ಟಾಗಿ ಹೇಳಿದಳು: “ಅಪ್ಪಾ, ಬಾಗ್ಲಾ ರಿಪೇರಿ ಮಾಡ್ಸು, ಇಲ್ಲಾ ಮೋಡ್ಕಿಗಿ ಹಾಕು. ಪಾರ್ಗೋಳು ಆಡೋ ಜಾಗದಾಗ ಇದು ಬ್ಯಾಡ.”

ಗ್ಯಾರೇಜಿನ ಮಿಸ್ತ್ರಿಯನ್ನು ಕರೆಸಿದೆ. ಅವನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಾಗಿಲನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬಂದ. ಮೇಲೆ ‘ಟಣ್ ಟಣ್’ ಎಂದ ಪತ್ರಾ ಕೆಳಗೆ ಬಂದಾಗ ‘ಪದ್ ಪದ್’ ಅಂದಿತು. “ಇದು ಕಾಗದ ಆಗ್ಯದ್ರಿ ಸಾಹೇಬ್ರ. ವೆಲ್ಡಿಂಗ್ ಹಿಡಿಯಂಗಿಲ್ಲ. ಬೆಂಕಿ ಹಚ್ಚಿದ್ರ ತೂತು ಇನ್ನಾ ದೊಡ್ದಾಗ್ತದ” ಎಂದ. ಅವನು ಹೇಳಿದ್ದು ನಿಜ. ಬಾಗಿಲಿನ ಪತ್ರಾ ಒಂದು ಮಿಲಿಮೀಟರಿನ ಆಸುಪಾಸು ದಪ್ಪ. ಜಂಗು ತಿಂದ ಮೇಲೆ ಉಳಿಯುವುದು ಅದರಲ್ಲಿ ಅರ್ಧವೋ ಕಾಲೋ. ವೆಲ್ಡಿಂಗಿನ ಕಾವಿಗೆ ಅದು ಕರಗಿ ಹೋಗುತ್ತದೆ. ಸುತ್ತಲಿನ ಗಟ್ಟಿ ಪತ್ರಾ ಸೊಟ್ಟಗಾಗುತ್ತದೆ. ಒಳಮೈಯ ಬಣ್ಣ ಸುಟ್ಟು ಅಲ್ಲಿಂದಲೇ ಹೊಸ ಜಂಗು ಶುರುವಾಗುತ್ತದೆ.

“ಹಂಗಾದ್ರ ಏನ್ ಮಾಡೋದು?”

“ಕೆಟ್ಟಿದ್ದು ಕತ್ತರಿಸಿ ತಗೀರಿ. ಗಟ್ಟಿ ಪತ್ರಾ ಸಿಗೋ ತನಕ ಬಿಡಬ್ಯಾಡ್ರಿ. ಆಮ್ಯಾಲ ಹೊಸ ಪತ್ರಾ ಅಂಟ್ಸಿ ರಿವೆಟ್ ಹೊಡೀರಿ. ಬಾಗ್ಲಿಗಿ ನಡೀತದ.” ಹೋಗುವಾಗ ಮತ್ತೊಂದು ಮಾತು ಹೇಳಿದ: “ಬಾಗ್ಲಿನ ಕೆಳಗಿನ ಪತ್ರಾಕ್ಕಷ್ಟೇ ಈ ಉಪಾಯರಿ. ಚಾಸಿ, ಬಾಗ್ಲಾ ನೇತಾಡೋ ಕಂಬ, ಕೀಲು ಕೂಡೋ ಜಾಗ, ಕಾಲಡಿಯ ಪಟ್ಟಿ, ಇವಕ್ಕ ಜಂಗ್ ಹತ್ತಿದ್ರ ಅಂಟು ಹಚ್ಚಿ ಕುಂದ್ರಬ್ಯಾಡ್ರಿ. ಅದು ಜೀವದ ಮಾತು.”

ಓದುಗರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಅಪಘಾತವಾದಾಗ ಗಾಡಿಯ ಭಾರವನ್ನು, ಹೊಡೆತವನ್ನು ತಡೆಯುವ ಭಾಗಗಳನ್ನು ನುರಿತ ಮಿಸ್ತ್ರಿಯೇ ಸರಿಮಾಡಬೇಕು. ನಾನು ಮನೆಯಲ್ಲಿ ಮಾಡಿದ್ದು ಬಾಗಿಲಿನ ಹೊರಪದರದ ಕೆಳಗಿನ ಒಂದು ಗೇಣು ಮತ್ತು ಅದರ ಒಳ ಅಂಚು, ಅಷ್ಟೇ.

ಮರುದಿನ ಬೆಳಿಗ್ಗೆ ಆರಕ್ಕೇ ಕೆಲಸ ಶುರು. ಮೇ ತಿಂಗಳಲ್ಲಿ ನಮ್ಮ ಕಡೆ ಹತ್ತು ಗಂಟೆಯಾಯಿತೆಂದರೆ ಪಾನಾ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಮೊದಲು ಕಿಟಕಿಯ ಗಾಜು ಏರಿಸುವ ಹಿಡಿಕೆ ತೆಗೆದು, ಬಾಗಿಲಿನ ಒಳಹಲಗೆ ಬಿಚ್ಚಿದೆವು. ಮೊಮ್ಮಗಳಿಗೆ ಆಶ್ಚರ್ಯ. “ಬಾಗ್ಲಾ ಪೊಳ್ಳು ಅದ!” ಎಂದಳು.

ಹೌದು. ಕಾರಿನ ಬಾಗಿಲು ಒಂದು ತೆಳುವಾದ ಪೆಟ್ಟಿಗೆ ಇದ್ದಂತೆ. ಗಾಜು ಇಳಿದರೆ ಆ ಪೆಟ್ಟಿಗೆಯೊಳಗೇ ಇಳಿಯುತ್ತದೆ. ಮಳೆ ಬಂದಾಗ ಗಾಜಿನ ಮೇಲೆ ಹರಿದ ನೀರಿನಲ್ಲಿ ಸ್ವಲ್ಪ ರಬ್ಬರ್ ಪಟ್ಟಿಯ ಸಂದಿನಿಂದ ಒಳಗೆ ಹೋಗಿಯೇ ಹೋಗುತ್ತದೆ. ಹೊಸ ಕಾರಿನಲ್ಲೂ ಹೀಗೆಯೇ. ಅದನ್ನು ತಡೆಯಲಾಗದು ಎಂದು ಕಾರು ಮಾಡುವವರಿಗೆ ಗೊತ್ತು. ಅದಕ್ಕೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಮೇಲಿಂದ ಬಂದ ನೀರು ಕೆಳಗಿಂದ ಹೋಗಬೇಕು. ನಮ್ಮ ಕಾರಿನಲ್ಲಿ ಒಂದೊಂದು ಬಾಗಿಲಿಗೆ ಮೂರು ತೂತು.

ಟಾರ್ಚ್ ಹಿಡಿದು ಒಳಗೆ ನೋಡಿದೆವು. ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಒಣಗಿ ಬಿರಿದ ಕಪ್ಪು ಮಣ್ಣು. ಅದರಲ್ಲಿ ಹುಲ್ಲಿನ ಕಡ್ಡಿ, ಒಂದು ಬಸವನಹುಳುವಿನ ಚಿಪ್ಪು. ಭೀಮಾ ನದಿಯ ಮಣ್ಣು ನಾಲ್ಕು ವರ್ಷದಿಂದ ನಮ್ಮ ಅಂಗಳದ ಕಾರಿನ ಬಾಗಿಲಲ್ಲಿ ಕೂತಿತ್ತು. ಮೊಮ್ಮಗಳು ಚಮಚೆಯಿಂದ ಅದನ್ನೆಲ್ಲ ಕೆದರಿ ತೆಗೆದಳು. ಚಿಪ್ಪನ್ನು ಜೇಬಿಗೆ ಹಾಕಿಕೊಂಡಳು.

ಆಮೇಲೆ ಅವಳು ಹಿಂದಿನ ಬಾಗಿಲಿಗೆ ಅಯಸ್ಕಾಂತ ಹಚ್ಚಿದಳು. ಮೇಲಿನಿಂದ ಕೆಳಗಿನವರೆಗೂ ಟಕ್, ಟಕ್, ಟಕ್. ಅದರ ಒಳಹಲಗೆಯನ್ನೂ ಬಿಚ್ಚಿ ನೋಡಿದೆವು. ಒಳಗೆ ತೆಳುವಾಗಿ ಮೇಲುಜಂಗು, ಮೂಲೆಯಲ್ಲಿ ಒಂದಿಷ್ಟು ಧೂಳು. ಪತ್ರಾ ಗಟ್ಟಿಯಾಗಿತ್ತು.

ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿದಳು: “ಮುತ್ಯಾ, ಹೊಳಿ ಬಂದಾಗ ಪೂರಾ ಕಾರೇ ನೀರಾಗಿತ್ತಲ್ಲ?”

“ಹೌದು.”

“ಹಿಂದಿನ ಬಾಗ್ಲಾ ಕೂಡ?”

“ಹೂಂ.”

“ಹಂಗಾದ್ರ ಅದಕ್ಯಾಕ ಹಿಂಗ್ ಜಂಗ್ ಹತ್ತಿಲ್ಲ?”

ನಾನು ಉತ್ತರ ಹೇಳದೆ ಮುಂದಿನ ಬಾಗಿಲಿನ ತಳವನ್ನು ಬೆರಳಿಂದ ಸವರಿದೆ. ಮೂರು ತೂತುಗಳಿರಬೇಕಾದಲ್ಲಿ ಮೂರು ಗಟ್ಟಿ ಬಿರಡೆಗಳು ಕೈಗೆ ಹತ್ತಿದವು. ಪುಟ್ಟಿಯ ಬಿರಡೆಗಳು.

ಆಗ ನೆನಪಾಯಿತು. 2010ರಲ್ಲಿ, ಇದೇ ಹುಡುಗಿಯ ತಾಯಿಯ ಮದುವೆಯ ಮುಂಚೆ, ಮಳೆಯಲ್ಲಿ ಬೀಗರ ಮನೆಗೆ ಹೋಗಿದ್ದೆವು. ಮುಂದಿನ ಬಾಗಿಲಿಂದ ಇಳಿಯುವಾಗ ತಳದ ತೂತಿನಿಂದ ತೊಟ್ಟಿಕ್ಕಿದ ಕೆಂಪು ನೀರು ನನ್ನ ಹೆಂಡತಿಯ ರೇಷ್ಮೆ ಸೀರೆಯ ಅಂಚಿಗೆ ಬಿತ್ತು. ಮನೆಗೆ ಬಂದವನೇ ಪುಟ್ಟಿ ಕಲೆಸಿ ಆ ತೂತುಗಳನ್ನು ಮುಚ್ಚಿದ್ದೆ. ತೂತು ಅಂದರೆ ದೋಷ, ಮುಚ್ಚಿದರೆ ಒಳ್ಳೆಯದು ಅನ್ನುವ ಬುದ್ಧಿ. ಮುಂದಿನ ಎರಡು ಬಾಗಿಲಿಗೆ ಮುಗಿಯುವಷ್ಟರಲ್ಲಿ ಪುಟ್ಟಿ ಗಟ್ಟಿಯಾಗಿ ಹೋಯಿತು. ಹಿಂದಿನವು ಹಾಗೇ ಉಳಿದವು.

ಅಂದಿನಿಂದ ಪ್ರತಿ ಮಳೆಗಾಲದ ನೀರು ಮುಂದಿನ ಬಾಗಿಲುಗಳಲ್ಲಿ ನಿಲ್ಲುತ್ತಾ ಬಂದಿತ್ತು. 2016ರಲ್ಲಿ ಬಣ್ಣ ಗುಳ್ಳೆ ಎದ್ದಾಗ ಅದರ ಮೇಲೂ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದೆ. ಕಾರನ್ನು ತಮ್ಮನಿಗೆ ಕೊಟ್ಟಾಗಲೇ ಬಾಗಿಲು ಒಳಗಿಂದ ಕೊಳೆತಿತ್ತು. ಹೊಳೆಯ ನೀರು ನಾಲ್ಕೂ ಬಾಗಿಲುಗಳಿಗೆ ಸಮನಾಗಿ ಬಂದಿತ್ತು. ಹಿಂದಿನವು ಅದನ್ನು ಹೊರಗೆ ಬಿಟ್ಟವು. ಮುಂದಿನವು ಹಿಡಿದಿಟ್ಟುಕೊಂಡವು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು. “ಹಂಗಾದ್ರ ಕಾಕಾ ಮುತ್ಯಾಂದು ತಪ್ಪಿಲ್ಲ ಅಲ್ಲ?”

“ಇಲ್ಲವ್ವ. ಅವನ ತಪ್ಪಿಲ್ಲ.”

ಇನ್ನು ಕೆಲಸದ ಮಾತು. ಮಕ್ಕಳೇ, ಜಂಗು ಅಥವಾ ತುಕ್ಕು ಅಂದರೆ ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಮೂರೂ ಕೂಡಿದಾಗ ಆಗುವ ಹೊಸ ವಸ್ತು. ಮೂರರಲ್ಲಿ ಒಂದನ್ನು ದೂರವಿಟ್ಟರೂ ಅದು ಆಗುವುದಿಲ್ಲ. ಬಣ್ಣ, ಎಣ್ಣೆ, ಗ್ರೀಸ್ ಎಲ್ಲವೂ ಮಾಡುವುದು ನೀರು-ಗಾಳಿಯನ್ನು ದೂರವಿಡುವ ಕೆಲಸವನ್ನೇ. ಜಂಗಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಬಣ್ಣ ಉಬ್ಬಿ ಗುಳ್ಳೆಯಾಗುವುದು. ಹೊರಗೆ ಗುಳ್ಳೆ ಕಂಡಿತೆಂದರೆ ಒಳಗೆ ಬಹಳ ದಿನದಿಂದ ಕೆಲಸ ನಡೆದಿದೆ ಎಂದೇ ತಿಳಿಯಬೇಕು.

ಮೊದಲ ದಿನ ಪುಟ್ಟಿಯನ್ನೆಲ್ಲ ಕೆರೆದು, ಕೊಳೆತ ಪತ್ರಾವನ್ನು ಪತ್ರಾ ಕತ್ತರಿಯಿಂದ ಕತ್ತರಿಸಿ ತೆಗೆದೆ. ಕೈಗೆ ದಪ್ಪ ಚರ್ಮದ ಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಈ ಕೆಲಸ ಮಕ್ಕಳದಲ್ಲ. ಮೊಮ್ಮಗಳನ್ನು ದೂರದ ಕಟ್ಟೆಯ ಮೇಲೆ ಕೂರಿಸಿದ್ದೆ. ಅಂಗೈಯಷ್ಟು ಇದ್ದ ತೂತು ಗಟ್ಟಿ ಪತ್ರಾ ಸಿಗುವಷ್ಟರಲ್ಲಿ ಮೊಳದುದ್ದ ಆಯಿತು. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲಿಯೇ ಹೆಚ್ಚಿನವರು ಸೋಲುವುದು. ಸ್ವಲ್ಪ ಕೊಳೆತದ್ದು ಇರಲಿ ಬಿಡು, ಮೇಲೆ ಮುಚ್ಚಿದರಾಯಿತು ಅನ್ನಿಸುತ್ತದೆ. 2016ರಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು.

ಆಮೇಲೆ ತಂತಿ ಬ್ರಷ್, 80ನೇ ನಂಬರಿನ ಉಪ್ಪುಕಾಗದ. ಅಂಚಿನ ಸುತ್ತ ಎರಡು ಬೆರಳು ಅಗಲ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಬಾಗಿಲಿನ ಒಳಮೂಲೆಗಳಲ್ಲಿ ಬ್ರಷ್ ಹೋಗದ ಕಡೆ ಜಂಗು ಉಳಿದೇ ಉಳಿಯುತ್ತದೆ. ಅದಕ್ಕೆ ಜಂಗು ಮಾರ್ಪಡಿಸುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಇರುವುದು ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ. ಹಚ್ಚಿದ ಸ್ವಲ್ಪ ಹೊತ್ತಿಗೆ ಕೆಂಪು ಜಂಗು ಕಪ್ಪಾಗುತ್ತದೆ. ಕೆಂಪು ಜಂಗು ಉದುರುತ್ತಾ ಹೋಗುವಂಥದ್ದು. ಕಪ್ಪಾದದ್ದು ಕಬ್ಬಿಣಕ್ಕೆ ಅಂಟಿ ನಿಲ್ಲುವಂಥದ್ದು.

ಇದನ್ನು ನೋಡಲು ಬಂದ ನನ್ನ ಹೆಂಡತಿ ನಕ್ಕಳು. “ಇದರಾಗ ಏನ್ ದೊಡ್ದದ್ರಿ? ಬಾಳಿಕಾಯಿ ಹೆಚ್ಚಿದ್ರ ಕಬ್ಬಿಣದ ಈಳಿಗಿ ಕರ್ರಗಾಗಲ್ಲೇನು?” ಅಂದಳು. ಆಮೇಲೆ ಒಳಗಿಂದ ಎರಡು ಅಳಲೆಕಾಯಿ ತಂದು ಜಜ್ಜಿ ನೀರಲ್ಲಿ ಕುದಿಸಿ, ಒಂದು ಜಂಗು ಹಿಡಿದ ಮೊಳೆಯನ್ನು ಅದರಲ್ಲಿ ಹಾಕಿ ಮೊಮ್ಮಗಳ ಮುಂದಿಟ್ಟಳು. ಸಂಜೆಗೆ ನೀರು ಶಾಯಿಯಂತೆ ಕಪ್ಪಾಗಿತ್ತು. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಬಾಳೆಕಾಯಿ, ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಚಹಾ, ಎಲ್ಲದರ ಒಗರಿನಲ್ಲೂ ಟ್ಯಾನಿನ್ ಇದೆ. ಮಕ್ಕಳು ಆಮ್ಲ ಮುಟ್ಟುವುದು ಬೇಡ. ಈ ಪ್ರಯೋಗವನ್ನು ಮನೆಯ ದೊಡ್ಡವರ ಜೊತೆ ಕೂತು ಮಾಡಬಹುದು.

ಫಾಸ್ಫಾರಿಕ್ ಆಮ್ಲದ ವಿಷಯ ಬಂದಾಗ ಅವಳಿಗೆ ದಿಲ್ಲಿಯ ಮೆಹರೌಲಿಯ ಕಬ್ಬಿಣದ ಕಂಬದ ಕತೆ ಹೇಳಿದೆ. ಏಳು ಮೀಟರಿಗಿಂತ ಎತ್ತರದ ಆ ಕಂಬ ಸುಮಾರು 1600 ವರ್ಷಗಳಿಂದ ಬಿಸಿಲು-ಮಳೆಗೆ ನಿಂತಿದೆ. ಕಾನ್ಪುರದ ಐ.ಐ.ಟಿ.ಯ ಪ್ರೊಫೆಸರ್ ಆರ್. ಬಾಲಸುಬ್ರಮಣಿಯಂ ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆ ಕಬ್ಬಿಣದಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚಾಗಿದೆ. ಅದರಿಂದಾಗಿ ಮೇಲ್ಮೈಯಲ್ಲಿ ತೆಳುವಾದ ಒಂದು ಪದರ ಕಟ್ಟಿಕೊಂಡು ಒಳಗಿನ ಕಬ್ಬಿಣವನ್ನು ಕಾಯುತ್ತಿದೆ ಎಂದು ವಿವರಿಸಿದರು. ಆ ಕಂಬವನ್ನು ಕಾಯ್ದ ರಂಜಕವೇ ನಮ್ಮ ಶೀಸೆಯ ಆಮ್ಲದಲ್ಲೂ ಇದೆ.

ಎರಡನೇ ದಿನ ಪತ್ರಾ ಕತ್ತರಿಸುವ ಕೆಲಸ. ನೇರವಾಗಿ ಪತ್ರಾ ಕತ್ತರಿಸಿದರೆ ತಪ್ಪುವುದು ಖಚಿತ. ದರ್ಜಿ ಕಾಗದದಲ್ಲಿ ಮಾಪು ತೆಗೆಯುವಂತೆ ಮೊದಲು ರಟ್ಟಿನಲ್ಲಿ ಆಕಾರ ತೆಗೆಯಬೇಕು. ರಟ್ಟಿಗಾಗಿ ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಮೊಮ್ಮಗಳು ತಂದಳು. ಮೂರು ಪತ್ರಿಕೆ ಕೂಡಿಸಿ ಅಂಟಿಸಿದಾಗ ತೂತಿನ ಅಳತೆಗೆ ಸರಿಹೋಯಿತು. ಸುತ್ತಲೂ ಒಂದು ಇಂಚು ಹೆಚ್ಚು ಬಿಟ್ಟು, ಅದನ್ನು ಪತ್ರಾದ ಮೇಲಿಟ್ಟು ಗೆರೆ ಎಳೆದವಳು ಅವಳೇ. ಪತ್ರಾ ಸತುವಿನ ಲೇಪ ಇರುವಂಥದ್ದು, 0.8 ಮಿ.ಮೀ. ದಪ್ಪ. ಸತು ಇದ್ದರೆ ಒಂದು ಅನುಕೂಲ. ನೀರು ತಾಗಿದಾಗ ಅದು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಹೊಸ ಪತ್ರಾವನ್ನು ಒಳಗಿನಿಂದ ಇಡಬೇಕು. ಅಂಟು ಬೀಳುವ ಅಂಚುಗಳನ್ನು ಉಪ್ಪುಕಾಗದದಿಂದ ಒರಟು ಮಾಡಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಆಮೇಲೆ ಅಲ್ಲಿ ಬೆರಳು ಇಡಬಾರದು. ಬೆರಳಿನ ಜಿಡ್ಡು ಸಾಕು, ಅಂಟು ಬಿಟ್ಟುಕೊಳ್ಳಲು. ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಕಲೆಸಿ ಹಚ್ಚಿ, ಪತ್ರಾ ಕೂರಿಸಿ, ಒಂದೊಂದು ಇಂಚಿಗೆ ಒಂದರಂತೆ ಪಾಪ್ ರಿವೆಟ್ ಹೊಡೆದೆ. ರಿವೆಟ್ ಬೀಳುವ ಜಾಗವನ್ನು ಮೊದಲೇ ಪಂಚಿನಿಂದ ತುಸು ತಗ್ಗು ಮಾಡಿದ್ದರಿಂದ ಅದರ ತಲೆ ಹೊರಗೆ ಉಬ್ಬಲಿಲ್ಲ. ಹಿಡಿದಿಡುವುದು ರಿವೆಟ್, ನೀರು ತಡೆಯುವುದು ಅಂಟು. ಎರಡೂ ಬೇಕು. ವೆಲ್ಡಿಂಗ್ ಇಲ್ಲದೆ ಕೂಡಿಸಿದ್ದು ಗಟ್ಟಿ ನಿಲ್ಲುತ್ತದೆಯೇ ಎಂದು ಕೇಳುವವರು ಪ್ಯಾರಿಸ್ಸಿನ ಐಫೆಲ್ ಗೋಪುರ ನೆನೆಯಬಹುದು. 1889ರ ಆ ಗೋಪುರವನ್ನು ಹಿಡಿದಿರುವುದು 25 ಲಕ್ಷ ರಿವೆಟ್‌ಗಳು. ನಮ್ಮ ಬಾಗಿಲಿಗೆ ಮೂವತ್ತೆಂಟು ಸಾಕಾದವು. ಲೆಕ್ಕ ಇಟ್ಟವಳು ಮೊಮ್ಮಗಳು.

ಒಂದು ಪೂರ್ತಿ ದಿನ ಮುಟ್ಟದೆ ಬಿಟ್ಟೆವು. ನಾಲ್ಕನೇ ದಿನ ಪುಟ್ಟಿ. ಪುಟ್ಟಿ ಕೆಟ್ಟದ್ದಲ್ಲ, ನಾನು ಅದಕ್ಕೆ ಕೊಟ್ಟ ಕೆಲಸ ಕೆಟ್ಟದ್ದಾಗಿತ್ತು. ಅದು ತಗ್ಗು-ದಿಣ್ಣೆ ಸರಿಮಾಡಲು ಮಾತ್ರ, ತೂತು ತುಂಬಲು ಅಲ್ಲ. ಎರಡು-ಮೂರು ಮಿಲಿಮೀಟರಿಗಿಂತ ದಪ್ಪ ಬೇಡ. ನಮ್ಮ ಬಿಸಿಲಿಗೆ ಅದು ನೋಡುನೋಡುತ್ತಲೇ ಕಲ್ಲಾಗುತ್ತದೆ. ಆದ್ದರಿಂದ ನಿಂಬೆಹಣ್ಣಿನ ಗಾತ್ರದಷ್ಟೇ ಕಲೆಸುತ್ತಾ, ನೆರಳಲ್ಲಿ, ಗಾಳಿಯಾಡುವ ಕಡೆ ಮಾಡಬೇಕು. 120, 240, 400 ಹೀಗೆ ನಂಬರು ಏರಿಸುತ್ತಾ ಉಪ್ಪುಕಾಗದದಿಂದ ಉಜ್ಜಿದೆ. ಮೇಲೆ ಪ್ರೈಮರ್, ಅದರ ಮೇಲೆ ಬಿಳಿ ಬಣ್ಣ. ಬಾಗಿಲಿನ ಒಳಮೈಗೂ ಪ್ರೈಮರ್, ಆಮೇಲೆ ಒಂದು ಪದರ ಗ್ರೀಸ್. ನಮ್ಮ ತಂದೆ ಮಳೆಗಾಲ ಮುಗಿದ ಮೇಲೆ ಕುಂಟೆಯ ಕುಡಕ್ಕೆ ಕುಸುಬಿ ಎಣ್ಣೆ ಸವರಿ ಅಟ್ಟದ ಮೇಲಿಡುತ್ತಿದ್ದರು. ಅದೇ ವಿದ್ಯೆ.

ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ಬಾಗಿಲಿನ ತಳದಲ್ಲಿ 8 ಮಿ.ಮೀ.ನ ಮೂರು ತೂತು ಕೊರೆದೆ. ಅಂಚಿಗೆ ಬಣ್ಣ ಮುಟ್ಟಿಸಿದೆ. ಬಲಗಡೆಯ ಬಾಗಿಲಿಗೂ ಇದೇ ಕೆಲಸ. ಎಲ್ಲ ಸೇರಿ ಹನ್ನೊಂದು ದಿನ. ಹತ್ತಿರ ನಿಂತು ನೋಡಿದರೆ ಬಣ್ಣದ ಗಡಿ ಕಾಣುತ್ತದೆ. ಅಂಗಡಿಯ ಕೆಲಸದಷ್ಟು ನಯವಾಗಿಲ್ಲ. ಆದರೆ ಎಲ್ಲಿ ಮುಟ್ಟಿದರೂ ಚುಚ್ಚುವುದಿಲ್ಲ.

ಇಷ್ಟಾದ ಮೇಲೂ ದೊಡ್ಡ ಕೆಲಸ ಬಾಕಿ ಇತ್ತು. ಎರಡು ಸಲ ಫೋನ್ ಕೈಗೆ ತೆಗೆದುಕೊಂಡು ಕೆಳಗಿಟ್ಟೆ. ಹೆಂಡತಿ ನೋಡಿ ಅಂದಳು: “ಫೋನಿನ್ಯಾಗ ಬ್ಯಾಡ. ಆಡಿದ ಮಾತು ಎದುರಿಗಿ ಆಡೀರಿ. ಎದುರಿಗೇ ಹೋಗ್ರಿ.”

ಜೂನ್ ಮೊದಲ ವಾರ, ಮೃಗಶಿರಾ ಮಳೆಗೆ ಮುಂಚೆ, ನಾವು ಮೂವರೂ ಕಾರಿನಲ್ಲಿ ಹೊರಟೆವು. ಅಫಜಲಪುರದ ಕಡೆಯ ಹೊಲಗಳು ಹರಗಿ ತೊಗರಿ ಬಿತ್ತನೆಗೆ ಕಾಯುತ್ತಿದ್ದವು. ಊರು ಹತ್ತಿರವಾದಂತೆ ನನ್ನ ಬಾಯಿ ಒಣಗತೊಡಗಿತು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾರಿನ ಸದ್ದು ಕೇಳಿ ತಮ್ಮ ಹೊರಗೆ ಬಂದ. ಬಂದು, “ಬಾ ಅಣ್ಣಾ” ಅಂದು, ಮೊಮ್ಮಗಳ ತಲೆ ಸವರಿ ನಿಂತ.

ನಾನು ತಯಾರು ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅವನನ್ನು ಬಾಗಿಲ ಹತ್ತಿರ ಕರೆದೆ. “ತಮ್ಮಾ, ಈ ಬಾಗ್ಲಾ ಹೊಳಿ ನೀರಿಗಿ ಕೆಟ್ಟಿದ್ದಲ್ಲ. ಹೊಳಿ ಬರೋಕ್ಕಿಂತ ಹತ್ತು ವರ್ಷ ಮೊದ್ಲ ಇದರ ತೂತು ನಾನೇ ಮುಚ್ಚಿದ್ದ. ನಿನಗ ಅನ್ನಬಾರದ್ದು ಅಂದೆ. ತಪ್ಪಾಯ್ತಪ್ಪಾ.”

ಅವನು ನೆಲ ನೋಡುತ್ತಾ ನಿಂತ. ಬಹಳ ಹೊತ್ತಾದ ಮೇಲೆ, “ನಾನೂ ಒಂದು ಮಾತು ಆಡಬೇಕಿತ್ತು ಅಣ್ಣಾ. ಸುಮ್ಮ ಬೀಗದ ಕೈ ಕೊಟ್ಟುಬಿಟ್ಟೆ” ಎಂದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಬಾಗಿಲಿನ ತಳವನ್ನು ಬೆರಳಿಂದ ಸವರಿದ. “ಮೂರೂ ತೂತು ಅವ ಏನು?”

ಮೊಮ್ಮಗಳು ಅಷ್ಟರಲ್ಲಿ ಒಳಗೆ ಓಡಿಹೋಗಿ ಒಂದು ತಂಬಿಗೆ ನೀರು ತಂದಳು. ಗಾಜು ಇಳಿಯುವ ಸಂದಿನಲ್ಲಿ ಮೆಲ್ಲಗೆ ಸುರಿದಳು. ನಾವಿಬ್ಬರೂ ಅರವತ್ತು ದಾಟಿದವರು, ಮೊಣಕಾಲು ನೋವಿನವರು, ಪಕ್ಕಪಕ್ಕ ಕೂತು ಬಾಗಿಲಿನ ತಳ ನೋಡತೊಡಗಿದೆವು. ಮೊದಲು ಏನೂ ಇಲ್ಲ. ಆಮೇಲೆ ನಡುವಿನ ತೂತಿನಿಂದ ಒಂದು ಹನಿ. ಹಿಂದೆಯೇ ಉಳಿದೆರಡರಿಂದ. ಕೊನೆಗೆ ಮೂರು ಸಣ್ಣ ಧಾರೆಗಳಾಗಿ ನೀರೆಲ್ಲ ಮಣ್ಣಿಗೆ ಇಳಿಯಿತು.

ಕಟ್ಟೆಯ ಮೇಲಿಂದ ಅವ್ವ ಕೇಳಿದಳು: “ಅಣ್ಣ ತಮ್ಮ ಕೂಡಿ ಅಲ್ಲೇನು ನೋಡ್ಲತೀರಿ?”

“ಏನಿಲ್ಲವ್ವಾ, ನೀರು ಹೋಗ್ಲತದ” ಎಂದ ತಮ್ಮ.